ಮನೆಯ ಸಿಸಿಟಿವಿ ಕ್ಯಾಮೆರಾ ಬಾಟ್‌ನೆಟ್‌ಗೆ ಸೇರಿಕೊಂಡರೆ ರೀಬೂಟ್ ಮಾಡಿದರೆ ಸಾಕೇ?

ಸಾಲದು. ಬಾಟ್‌ನೆಟ್ ಎಂದರೆ ಮಾಲೀಕರಿಗೆ ತಿಳಿಯದಂತೆ ದಾಳಿಕೋರರ ಹಿಡಿತಕ್ಕೆ ಸಿಕ್ಕ ಸಾಧನಗಳ ಜಾಲ. 2016ರ ಮಿರಾಯ್ ಎಂಬ ಮಾಲ್‌ವೇರನ್ನೇ (ಹಾನಿಕಾರಕ ತಂತ್ರಾಂಶ) ನೋಡಿ. (ಜಪಾನಿ ಭಾಷೆಯಲ್ಲಿ ಈ ಪದಕ್ಕೆ ‘ಭವಿಷ್ಯ’ ಎಂದರ್ಥ, ಹೆಸರಿಟ್ಟವರಿಗೆ ದೂರದೃಷ್ಟಿ ಇತ್ತು ಎನ್ನಬೇಕು.) ಅದು ಬೀಗ ಒಡೆಯುವ ಕಳ್ಳನಲ್ಲ, ಚಿಲಕ ಹಾಕದ ಮನೆ ಹುಡುಕುವ ಕಳ್ಳ. ಸಿಕ್ಕ ಸಿಕ್ಕ ಐಪಿ ವಿಳಾಸಗಳಲ್ಲಿ ಸಾಧನವನ್ನು ದೂರದಿಂದಲೇ ನಿಯಂತ್ರಿಸುವ ಹಳೆಯ ವ್ಯವಸ್ಥೆಯಾದ ಟೆಲ್ನೆಟ್‌ನ 23 ಮತ್ತು 2323ನೇ ಪೋರ್ಟ್‌ಗಳನ್ನು (ಸಂಪರ್ಕದ ಬಾಗಿಲುಗಳನ್ನು) ತಟ್ಟುತ್ತಿತ್ತು. ಬಾಗಿಲು ತೆರೆದರೆ, ಕಾರ್ಖಾನೆಯಲ್ಲೇ ಇಟ್ಟು ಯಾರೂ ಬದಲಿಸದ ‘ಅಡ್ಮಿನ್, ಅಡ್ಮಿನ್’ ಥರದ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿಯಿಂದ ಆರಿಸಿ ಪ್ರಯತ್ನಿಸುತ್ತಿತ್ತು. ಒಳಹೊಕ್ಕ ಮೇಲೆ ಪ್ರತಿಸ್ಪರ್ಧಿ ಮಾಲ್‌ವೇರ್ ಇದ್ದರೆ ಅದನ್ನು ಹೊರದಬ್ಬಿ, ಆಜ್ಞೆಗಾಗಿ ಕಾಯುತ್ತಿತ್ತು. ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇರುವುದರಿಂದ ಮಾಲೀಕನಿಗೆ ಅನುಮಾನವೇ ಬರುವುದಿಲ್ಲ.

2016ರ ಅಕ್ಟೋಬರ್ 21ರಂದು ಇಂಥ ಸಾಧನಗಳ ದಂಡು ಜಾಲತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೇವೆಯ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಸಹ ಅನೇಕರಿಗೆ ಸಿಗದಂತಾದವು.

ಮಿರಾಯ್ ಮೆಮೊರಿಯಲ್ಲಷ್ಟೇ ಇರುತ್ತಿದ್ದರಿಂದ ರೀಬೂಟ್ ಮಾಡಿದರೆ ಅಳಿಯುತ್ತಿತ್ತು ನಿಜ. ಆದರೆ ಹಳೆಯ ಪಾಸ್‌ವರ್ಡ್ ಉಳಿದಿದ್ದರೆ ನಿಮಿಷಗಳಲ್ಲೇ ಮರಳಬಹುದಿತ್ತು. ಆದ್ದರಿಂದ ಮೊದಲು ಇಂಟರ್ನೆಟ್ ಸಂಪರ್ಕ ತಪ್ಪಿಸಿ, ರೀಬೂಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಟೆಲ್ನೆಟ್ ಮುಚ್ಚಿ, ಆಮೇಲೆ ಜೋಡಿಸಿ. ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಅಪ್‌ಡೇಟ್ ಇದ್ದರೆ ಹಾಕಿಕೊಳ್ಳಿ. ಕೆಲವು ಅಗ್ಗದ ಕ್ಯಾಮೆರಾಗಳಲ್ಲಿ ಪಾಸ್‌ವರ್ಡ್ ಬದಲಿಸಲು ಅವಕಾಶವೇ ಇರುವುದಿಲ್ಲ. ಅಂಥವನ್ನು ಗುಜರಿಗೆ ಹಾಕಿ.