ಓದುಗರ ಪ್ರಶ್ನೆ, ನಮ್ಮ ಉತ್ತರ: ಹುಲ್ಲು ಕತ್ತರಿಸುವ ಯಂತ್ರದ ಆರೈಕೆ

ಪ್ರಶ್ನೆ: ಮನೆಯ ಮುಂದಿನ ಗರಿಕೆ ಹಾಸಿಗಾಗಿ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಮೋವರ್ ಇಟ್ಟುಕೊಂಡಿದ್ದೇವೆ. ಡಿಸೆಂಬರಿನಲ್ಲಿ ಚೆನ್ನಾಗಿಯೇ ಓಡಿದ ಯಂತ್ರ, ಜೂನ್ ಮಳೆಗೆ ಹುಲ್ಲು ಚಿಗುರಿದ ಮೇಲೆ ಹೊರತೆಗೆದರೆ ಎಷ್ಟು ಹಗ್ಗ ಎಳೆದರೂ ಚಾಲೂ ಆಗುತ್ತಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರನ್ನೇ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಬೇರೆ ದಾರಿ ಇಲ್ಲವೇ? (ಮೈಸೂರಿನ ಓದುಗರು)

ಉತ್ತರ: ಅಷ್ಟು ಖರ್ಚಿಗೆ ಕೈಹಾಕುವ ಮೊದಲು ಟ್ಯಾಂಕಿನಲ್ಲಿರುವ ಪೆಟ್ರೋಲನ್ನು ಅನುಮಾನಿಸಿ. ನೀವು ಬರೆದಿರುವ ಪ್ರಕಾರ ಅದು ಸುಮಾರು ಆರು ತಿಂಗಳಿನಿಂದ ಅಲ್ಲೇ ಉಳಿದಿದೆ. ಪೆಟ್ರೋಲ್ ತಿಂಗಳು ಕಳೆದ ಮೇಲೆ ಕೆಡಲಾರಂಭಿಸುತ್ತದೆ. ಬೇಗ ಹೊತ್ತಿಕೊಳ್ಳುವ ಹಗುರ ಅಂಶಗಳು ಆವಿಯಾಗಿ ಹೋಗುತ್ತವೆ, ಉಳಿದದ್ದು ಅಂಟಿನಂತಾಗಿ ಕಾರ್ಬ್ಯುರೇಟರಿನ ಒಳಗೆ ಕಟ್ಟಿಕೊಳ್ಳುತ್ತದೆ. ಈಗ ನಮ್ಮ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಬಹುಕಾಲ ಬಿಟ್ಟ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳ ಸೇರಬಹುದು. ಇಂತಹ ಸಣ್ಣ ಎಂಜಿನುಗಳಲ್ಲಿ ಅನೇಕವನ್ನು ಶೇ 10ರವರೆಗಿನ ಎಥನಾಲಿಗಷ್ಟೇ ಹೊಂದುವಂತೆ ಮಾಡಿರುತ್ತಾರೆ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಇದನ್ನು ನೋಡಿಕೊಳ್ಳಿ.

ಹಳೆಯ ಪೆಟ್ರೋಲನ್ನು ಪೂರ್ತಿ ಹೊರಹಾಕಿ, ಕಾರ್ಬ್ಯುರೇಟರಿನ ಅಡಿಯಲ್ಲಿರುವ ಬಟ್ಟಲನ್ನು ಬಿಚ್ಚಿ. ಅದರ ಮೇಲ್ಭಾಗದಲ್ಲಿ ಪೆಟ್ರೋಲ್ ಹಾಯುವ ಹಿತ್ತಾಳೆಯ ಪುಟ್ಟ ಜೆಟ್ ಇರುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ನಡುವಿನ ರಂಧ್ರ ದುಂಡಗೆ, ಸ್ಪಷ್ಟವಾಗಿ ಕಾಣಬೇಕು. ಮಸುಕಾಗಿದ್ದರೆ ದೋಷ ಅಲ್ಲಿಯೇ ಇದೆ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಗಾಳಿ ಊದಿ ತೆಗೆಯಿರಿ. ಸೂಜಿ ಅಥವಾ ತಂತಿ ಚುಚ್ಚಬೇಡಿ. ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಪೆಟ್ರೋಲಿನ ಅಳತೆ ತಪ್ಪಿ ಎಂಜಿನ್ ಕಪ್ಪುಹೊಗೆ ಕಾರಲು ಶುರುಮಾಡುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕರಿ ಉಜ್ಜಿ, ಅಂತರವನ್ನು 0.7ರಿಂದ 0.8 ಮಿ.ಮೀ.ಗೆ ಹೊಂದಿಸಿ, ಹೊಸ ಪೆಟ್ರೋಲ್ ಹಾಕಿ ಹಗ್ಗ ಎಳೆಯಿರಿ. ನನ್ನ ಅಂದಾಜಿನಲ್ಲಿ ನಿಮ್ಮ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಇನ್ನೊಂದು ಸಂಗತಿಯನ್ನು ನೆನಪಿಸಿಕೊಳ್ಳಿ: ಕೊನೆಯ ಬಾರಿ ಓಡಿಸುವಾಗ ಬ್ಲೇಡ್ ಕಲ್ಲಿಗೋ ಮರದ ಬೇರಿಗೋ ತಗುಲಿ ಎಂಜಿನ್ ಥಟ್ಟನೆ ನಿಂತಿತ್ತೇ? ಹಾಗಾದಾಗ ಫ್ಲೈವೀಲನ್ನು (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ಅದರ ಜಾಗದಲ್ಲಿ ಹಿಡಿದಿಡುವ ಸಣ್ಣ ಲೋಹದ ಕೀ ಕತ್ತರಿಸಿಹೋಗಿ, ಕಿಡಿ ಹಾರುವ ಕ್ಷಣ ಹಿಂದುಮುಂದಾಗುತ್ತದೆ. ಎಂಜಿನ್ ಹಗ್ಗವನ್ನು ಕೈಯಿಂದ ಹಿಂದಕ್ಕೆ ಕಿತ್ತುಕೊಳ್ಳುವಂತೆ ಎಳೆದರೆ ಅದೇ ಅದರ ಗುರುತು. ಕೀ ಬೆಲೆ ಅಲ್ಪ, ಆದರೆ ಈ ಕೆಲಸವನ್ನು ಬಲ್ಲವರಿಂದಲೇ ಮಾಡಿಸಿ.

ಮುಂದಿನ ಬೇಸಿಗೆಗೆ ಯಂತ್ರವನ್ನು ಎತ್ತಿಡುವಾಗ ಟ್ಯಾಂಕ್ ಬರಿದುಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಎಂಜಿನ್ ಆಯಿಲನ್ನು ಹೊಸ ಯಂತ್ರದಲ್ಲಿ ಸಾಮಾನ್ಯವಾಗಿ ಮೊದಲ 5 ಗಂಟೆಗೆ, ಬಳಿಕ 50 ಗಂಟೆಗೊಮ್ಮೆ ಇಲ್ಲವೇ ವರ್ಷಕ್ಕೊಮ್ಮೆ ಬದಲಿಸಬೇಕು. ಯಂತ್ರವನ್ನು ವಾಲಿಸಬೇಕಾದಾಗ ಕಾರ್ಬ್ಯುರೇಟರ್ ಮತ್ತು ಏರ್ ಫಿಲ್ಟರ್ ಇರುವ ಬದಿ ಮೇಲಿರಲಿ; ಇಲ್ಲದಿದ್ದರೆ ಎಂಜಿನ್ನಿನ ಆಯಿಲ್ ಏರ್ ಫಿಲ್ಟರಿಗೆ ಇಳಿದು ಅದನ್ನು ಹಾಳುಮಾಡುತ್ತದೆ. ಬ್ಲೇಡಿನ ಹತ್ತಿರ ಕೈ ಹೋಗುವ ಯಾವ ಕೆಲಸಕ್ಕೂ ಮೊದಲು ಸ್ಪಾರ್ಕ್ ಪ್ಲಗ್ಗಿನ ಟೋಪಿಯನ್ನು ಕಿತ್ತು ದೂರ ಸರಿಸಿಡಿ. ಬ್ಲೇಡನ್ನು ಕೈಯಿಂದ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಲ್ಲದು, ಬೆರಳು ಹೋಗಲು ಒಂದೇ ಸುತ್ತು ಸಾಕು. ದಯವಿಟ್ಟು ಇದನ್ನು ಒಮ್ಮೆಯೂ ಮರೆಯಬೇಡಿ.

ಪ್ರಶ್ನೆ: ನಮ್ಮದು 1600 ವ್ಯಾಟಿನ ವಿದ್ಯುತ್ ಮೋವರ್. ಅರ್ಧ ಹುಲ್ಲು ಕತ್ತರಿಸುವಷ್ಟರಲ್ಲಿ ಮೋಟಾರ್ ಸೊರಗಿ ಸುಟ್ಟ ವಾಸನೆ ಬರುತ್ತದೆ, ಕತ್ತರಿಸಿದ ಹುಲ್ಲಿನ ತುದಿ ಎರಡು ದಿನದಲ್ಲಿ ಕಂದಾಗುತ್ತದೆ. ಮೋಟಾರ್ ಕೆಟ್ಟಿದೆಯೇ? (ಬೆಂಗಳೂರಿನ ಓದುಗರು)

ಉತ್ತರ: ಮೋಟಾರಿಗಿಂತ ಮೊದಲು ಬ್ಲೇಡನ್ನು ನೋಡಿ. ತುದಿ ಕಂದಾಗುವುದು ಮೊಂಡು ಬ್ಲೇಡಿನ ಲಕ್ಷಣ: ಅದು ಹುಲ್ಲನ್ನು ಕತ್ತರಿಸುವ ಬದಲು ಹರಿದು ಹಾಕುತ್ತದೆ, ಆ ಶ್ರಮವೆಲ್ಲ ಮೋಟಾರಿನ ಮೇಲೆ ಬೀಳುತ್ತದೆ. ಪ್ಲಗ್ ಕಿತ್ತು, ಬ್ಲೇಡ್ ಬಿಚ್ಚಿ, ಮೊದಲಿದ್ದ ಓರೆಯನ್ನೇ ಅನುಸರಿಸಿ ಅರದಿಂದ ಉಜ್ಜಿ. ಬಳಿಕ ಅದರ ನಡುವಿನ ರಂಧ್ರವನ್ನು ಗೋಡೆಯ ಮೊಳೆಗೆ ನೇತುಹಾಕಿ. ಒಂದು ಬದಿ ಕೆಳಗೆ ಜಗ್ಗಿದರೆ ಆ ಬದಿಯನ್ನು ಇನ್ನಷ್ಟು ಉಜ್ಜಿ ಸಮತೂಕಕ್ಕೆ ತನ್ನಿ. ತೂಕ ತಪ್ಪಿದ ಬ್ಲೇಡ್ ಬೇರಿಂಗನ್ನು ತಿಂದುಹಾಕುತ್ತದೆ.

ಎರಡನೆಯದು ಎಕ್ಸ್‌ಟೆನ್ಷನ್ ವೈರ್. ನಿಮ್ಮ ಯಂತ್ರ ಸುಮಾರು 7 ಆಂಪಿಯರ್ ಎಳೆಯುತ್ತದೆ. 0.75 ಚದರ ಮಿ.ಮೀ.ನ 30 ಮೀಟರ್ ತಾಮ್ರದ ವೈರಿನಲ್ಲಿಯೇ ಸುಮಾರು 10 ವೋಲ್ಟ್ ಕಳೆದುಹೋಗುತ್ತದೆ. ಸಂಜೆ ವೋಲ್ಟೇಜ್ ಮೊದಲೇ ಇಳಿದಿರುವ ಬಡಾವಣೆಯಲ್ಲಿ ಮೋಟಾರಿಗೆ ಅದು ಇನ್ನೂ ಭಾರ. 1.5 ಚದರ ಮಿ.ಮೀ.ನ ಮೂರು ಎಳೆಯ ವೈರ್ ಕೊಂಡು, ಸುರುಳಿಯನ್ನು ಪೂರ್ತಿ ಬಿಚ್ಚಿ ಬಳಸಿ. ಸುರುಳಿಯಲ್ಲಿ ಶಾಖ ಸಿಕ್ಕಿಕೊಂಡು ನಿರೋಧಕ ಹೊದಿಕೆ ಕರಗುತ್ತದೆ. ಪ್ಲಗ್ ಹಾಕುವ ಪಾಯಿಂಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ರಕ್ಷಣೆ ಇರಲೇಬೇಕು. ಮೋವರಿನ ಅಡಿಗೆ ನೀರು ಹಾಯಿಸಬೇಡಿ, ಒಣಗಿದ ಹುಲ್ಲನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಇಷ್ಟಾದ ಮೇಲೂ ವಾಸನೆ ಬಂದರೆ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳನ್ನು ಪರೀಕ್ಷಿಸಿ.

ಪ್ರಶ್ನೆ: ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಎರಡು ಸ್ಟ್ರೋಕಿನ ಯಂತ್ರ ಹೊಗೆ ಹೆಚ್ಚಾಗಿ ಶಕ್ತಿ ಕಳೆದುಕೊಂಡಿದೆ. ಏನು ಮಾಡಲಿ? (ತೀರ್ಥಹಳ್ಳಿಯ ಓದುಗರು)

ಉತ್ತರ: ಪೆಟ್ರೋಲಿಗೆ ಬೆರೆಸುವ ಆಯಿಲಿನ ಅಳತೆ ತಪ್ಪಿರಬೇಕು. ಕೈಪಿಡಿಯಲ್ಲಿ 1:50 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ., 1:25 ಎಂದಿದ್ದರೆ 40 ಮಿ.ಲೀ. 2ಟಿ (ಎರಡು ಸ್ಟ್ರೋಕಿನ ಎಂಜಿನ್ನಿನ) ಆಯಿಲ್ ಬೆರೆಸಬೇಕು. ಕಣ್ಣಳತೆ ಬೇಡ, ಅಳತೆಯ ಬಾಟಲಿ ಬಳಸಿ. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೈಲೆನ್ಸರಿನ ಬಾಯಲ್ಲಿ ಕಿಡಿ ತಡೆಯುವ ಜಾಲರಿ ಇದ್ದರೆ ಬಿಚ್ಚಿ, ಅದಕ್ಕೆ ಹಿಡಿದ ಮಸಿಯನ್ನು ಬ್ರಷ್‌ನಿಂದ ತಿಕ್ಕಿ ತೆಗೆದು ಮತ್ತೆ ಕೂರಿಸಿ. ಬ್ಲೇಡಿನ ಮೇಲಿರುವ ಗೇರ್ ಪೆಟ್ಟಿಗೆಗೆ ಗ್ರೀಸ್ ತುಂಬುವುದನ್ನೂ ಅದೇ ದಿನ ಮಾಡಿ ಮುಗಿಸಿ.