ಅಪ್ಪನ ಮಂಡಿ ಆಪರೇಷನ್‌ಗೆ ಮುಂಚೆ ಅಧ್ಯಯನದ ಫಾರಂ ಕೊಟ್ಟಿದ್ದಾರೆ, ಸಹಿ ಹಾಕಬಹುದಾ?

ಮುಂದಿನ ತಿಂಗಳು ಉಡುಪಿಯಲ್ಲಿ ನಿಮ್ಮ ತಂದೆಗೆ ಮಂಡಿ ಬದಲಿಸುವ ಆಪರೇಷನ್. ಆಸ್ಪತ್ರೆಯವರು 'ಚಿಕಿತ್ಸೆಯ ಗುಣಮಟ್ಟ ಮತ್ತು ಖರ್ಚಿನ ಅಧ್ಯಯನ' ಅಂತ ಫಾರಂ ಕೊಟ್ಟಿದ್ದಾರೆ. ಅಪ್ಪನ ಮೇಲೆ ಪ್ರಯೋಗ ಮಾಡ್ತಾರಾ, ಬಿಲ್ಲು ಜಾಸ್ತಿ ಆಗುತ್ತಾ, ಇದರಿಂದ ಯಾರಿಗೆ ಲಾಭ ಅಂತ ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ನರ್ಸ್. ಹತ್ತು ವರ್ಷ ಮೂಳೆ ವಾರ್ಡಿನಲ್ಲಿದ್ದೆ. ಈಗ ಇಂಥ ಅಧ್ಯಯನಗಳಿಗಾಗಿ ಮನೆಗೆ ಹೋದ ರೋಗಿಗಳಿಗೆ ಫೋನ್ ಮಾಡಿ ವಿಚಾರಿಸುವುದೇ ನನ್ನ ಕೆಲಸ.

ಮೊದಲು ಭಯದ ಮಾತು. ಇಂಥ ಅಧ್ಯಯನದಲ್ಲಿ ಸಾಮಾನ್ಯವಾಗಿ ಹೊಸ ಔಷಧ ಕೊಡುವುದಿಲ್ಲ. ಎಷ್ಟು ದಿನ ಆಸ್ಪತ್ರೆಯಲ್ಲಿದ್ದರು, ಎಷ್ಟು ಖರ್ಚಾಯಿತು, ಮನೆಗೆ ಹೋದ ಮೇಲೆ ಹೇಗಿದ್ದಾರೆ ಅಂತ ಬರೆದಿಟ್ಟುಕೊಳ್ಳುತ್ತಾರೆ. ಆದರೂ 'ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದಾ' ಅಂತ ಬಾಯಿಬಿಟ್ಟು ಕೇಳಿ. ಕೇಳುವುದು ನಿಮ್ಮ ಹಕ್ಕು. ಸಹಿ ಹಾಕದಿದ್ದರೂ ಚಿಕಿತ್ಸೆ ಅದೇ ಇರಬೇಕು. ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರಬಹುದು. ಅಧ್ಯಯನಕ್ಕೆಂದೇ ಮಾಡುವ ಪರೀಕ್ಷೆಯ ಹಣವನ್ನು ರೋಗಿಯಿಂದ ತೆಗೆದುಕೊಳ್ಳುವ ಹಾಗಿಲ್ಲ. ಐಸಿಎಂಆರ್ ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅದರ 2017ರ ಮಾರ್ಗಸೂಚಿಯಲ್ಲೇ ಇದೆಲ್ಲ ಉಂಟು. ವಿವರದ ಹಾಳೆ ಇಂಗ್ಲಿಷಿನಲ್ಲಿದ್ದರೆ ಕನ್ನಡದ್ದು ಕೇಳಿ ತೆಗೆದುಕೊಳ್ಳಿ. ಸಹಿ ನೀವಲ್ಲ, ಅಪ್ಪನೇ ಓದಿಸಿಕೊಂಡು ಹಾಕಲಿ.

ಲಾಭ ಯಾರಿಗೆ ಅನ್ನುವುದಕ್ಕೆ ಒಬ್ಬ ಅಮ್ಮನ ಕಥೆ ಹೇಳ್ತೇನೆ. ಕಾಪು ಕಡೆಯವರು. ಮಂಡಿ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಎಕ್ಸ್‌ರೇಯಲ್ಲಿ ಹೊಸ ಕೀಲು ಅಚ್ಚುಕಟ್ಟಾಗಿ ಕೂತಿತ್ತು. ನಮ್ಮ ರಿಜಿಸ್ಟರಿನಲ್ಲಿ 'ಯಶಸ್ವಿ' ಅಂತ ಬರೆದೂ ಆಗಿತ್ತು. ಆರು ತಿಂಗಳಾದ ಮೇಲೆ ಫೋನ್ ಮಾಡಿ ತುಳುವಿನಲ್ಲೇ ಮಾತಾಡಿಸಿದೆ. ನೋವು ಇಲ್ಲ, ಆರಾಮ ಇದ್ದೇನೆ ಅಂದರು. ಮೆಟ್ಟಿಲು? ಮೆಲ್ಲ ಹತ್ತುತ್ತೇನೆ ಅಂದರು. ಬಸ್ಸು? ಆಗ ಸುಮ್ಮನಾದರು. ಆಪರೇಷನ್ ಆದಾಗಿನಿಂದ ಬಸ್ಸೇ ಹತ್ತಿರಲಿಲ್ಲ. ನಮ್ಮ ಕಡೆಯ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಅಂತ ನಿಮಗೆ ಗೊತ್ತಲ್ವಾ. ಕಾಲು ಎತ್ತಿ ಇಡುವಷ್ಟರಲ್ಲಿ ಕಂಡಕ್ಟರ್ 'ರೈಟ್ ಪೋಯಿ' ಅನ್ನುತ್ತಾನೆ. ಅವರ ಮಂಡಿ ಅಷ್ಟು ಮಡಚುತ್ತಿರಲಿಲ್ಲ. ಕಾರ್ಕಳದಲ್ಲಿದ್ದ ತಂಗಿಯನ್ನು ನೋಡದೆ ಆರು ತಿಂಗಳಾಗಿತ್ತು.

ವಿಚಾರಿಸಿದಾಗ ಗೊತ್ತಾಯಿತು. ವ್ಯಾಯಾಮದ ಹಾಳೆ ಕೊಟ್ಟಿದ್ದೆವು, ಇಂಗ್ಲಿಷಿನಲ್ಲಿ. ಅದು ಎಕ್ಸ್‌ರೇ ಕವರಿನೊಳಗೆ ಹಾಗೇ ಇತ್ತು. ಸೊಸೆ ಬೆಳಿಗ್ಗೆಯೇ ಗೇರುಬೀಜ ಫ್ಯಾಕ್ಟರಿಗೆ ಹೋಗುವವಳು. ನೋವಾದರೂ ಮಂಡಿ ಮಡಚಬೇಕು ಅಂತ ಈ ಅಮ್ಮನಿಗೆ ಯಾರೂ ಕೂತು ಹೇಳಿರಲಿಲ್ಲ. ನೋವು ಬಂದರೆ ಏನೋ ಹಾಳಾಗುತ್ತದೆ ಅಂದುಕೊಂಡು ನಿಲ್ಲಿಸಿಬಿಟ್ಟಿದ್ದರು. ಆ ದಿನ ನನಗೆ ತುಂಬಾ ಬೇಜಾರಾಯಿತು. ಅವರು ವಾರ್ಡಿನಲ್ಲಿದ್ದಾಗ ಡ್ಯೂಟಿಯಲ್ಲಿ ಇದ್ದವಳು ನಾನೇ.

ಮಂಡಿ ಬಿಗಿದುಕೊಂಡರೆ ಕೆಲವರಿಗೆ ಮತ್ತೆ ಅನಸ್ತೇಶಿಯಾ ಕೊಟ್ಟು ಮಡಚಬೇಕಾಗುತ್ತದೆ. ಅದು ಇನ್ನೊಂದು ಬಿಲ್ಲು. ಸೋಂಕು ಆದರಂತೂ ಹಾಕಿದ ಕೀಲನ್ನೇ ತೆಗೆದು, ವಾರಗಟ್ಟಲೆ ಆಂಟಿಬಯೋಟಿಕ್ ಕೊಟ್ಟು, ಮತ್ತೆ ಹೊಸದು ಹಾಕಬೇಕಾಗಬಹುದು. ಗುಣಮಟ್ಟ ಅಂದರೆ ಖರ್ಚು ಜಾಸ್ತಿ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ನಾನು ಕಂಡದ್ದು ಬೇರೆ. ಮನೆಯವರನ್ನು ಮುಳುಗಿಸುವುದು ಎರಡನೇ ಸಲ ಮಾಡುವ ಕೆಲಸ. ಕೀಲಿನ ಬೆಲೆಗೆ ಸರ್ಕಾರ 2017ರ ಆಗಸ್ಟ್‌ನಲ್ಲೇ ಮಿತಿ ಹಾಕಿತು, ಅದರಿಂದ ತುಂಬಾ ಜನರಿಗೆ ಉಪಕಾರವಾಯಿತು. ಆದರೆ ಎರಡನೇ ಆಪರೇಷನ್ ಬೇಡವಾಗುವ ಹಾಗೆ ನೋಡಿಕೊಳ್ಳುವುದು ಯಾವ ಆದೇಶದಿಂದಲೂ ಆಗುವುದಿಲ್ಲ. ಅದಕ್ಕೆ ಯಾರಾದರೂ ಲೆಕ್ಕ ಇಡಬೇಕು.

ಲೆಕ್ಕ ಇಟ್ಟದ್ದರಿಂದ ಏನಾಗುತ್ತದೆ ಅಂತ ತೋರಿಸಿದ ದೊಡ್ಡ ಅಧ್ಯಯನ ಒಂದುಂಟು. ಅಮೆರಿಕದ ಸರ್ಜನ್ ಡಾ. ಅತುಲ್ ಗಾವಂಡೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಆಪರೇಷನ್ ವೇಳೆ ನೋಡಿಕೊಳ್ಳಬೇಕಾದ 19 ಅಂಶಗಳ ಒಂದು ಪಟ್ಟಿ ತಂದರು. ದೆಹಲಿಯ ಒಂದು ಆಸ್ಪತ್ರೆಯೂ ಅದರಲ್ಲಿತ್ತು. ರೋಗಿ ಇವರೇನಾ, ಯಾವ ಕಡೆಯ ಆಪರೇಷನ್, ಆಂಟಿಬಯೋಟಿಕ್ ಕೊಟ್ಟಾಯಿತಾ ಅಂತ ಜೋರಾಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದು, ಅಷ್ಟೇ. 2009ರಲ್ಲಿ ಫಲಿತಾಂಶ ಬಂತು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ತೊಡಕುಗಳು ಶೇ. 11ರಿಂದ 7ಕ್ಕೆ. ಆದರೆ ಉತ್ತರ ಪ್ರದೇಶದ ಹೆರಿಗೆ ಕೇಂದ್ರಗಳಲ್ಲಿ ಇದೇ ರೀತಿಯ ಪಟ್ಟಿ ತಂದು, ಸಿಬ್ಬಂದಿಗೆ ತರಬೇತಿಯನ್ನೂ ಕೊಟ್ಟಾಗ ಕೆಲಸದ ರೀತಿ ಸುಧಾರಿಸಿತು, ಸಾವು ಮಾತ್ರ ಕಡಿಮೆ ಆಗಲಿಲ್ಲ. ಅದು 2017ರಲ್ಲಿ ಪ್ರಕಟವಾಯಿತು. ಸೋತದ್ದನ್ನೂ ಮುಚ್ಚಿಡದೆ ಬರೆದರಲ್ಲ, ಅದಕ್ಕೇ ನನಗೆ ಈ ಕೆಲಸದ ಮೇಲೆ ನಂಬಿಕೆ.

ನಿಮ್ಮ ತಂದೆಗೆ ಬಹುಶಃ ಆಪರೇಷನ್‌ಗೆ ಮುಂಚೆ ಒಮ್ಮೆ, ಕೆಲವು ತಿಂಗಳ ನಂತರ ಒಮ್ಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಆಕ್ಸ್‌ಫರ್ಡ್ ನೀ ಸ್ಕೋರ್ ಅಂತ 12 ಪ್ರಶ್ನೆಗಳ ಪಟ್ಟಿ ಉಂಟು, ಪೂರ್ತಿ ಅಂಕ 48. ನೋವು, ಸ್ನಾನ, ಮೆಟ್ಟಿಲು, ಕಾರು-ಬಸ್ಸು ಹತ್ತಿ ಇಳಿಯುವುದು, ಎಲ್ಲ ಅದರಲ್ಲಿ ಬರುತ್ತದೆ. ಇಂಗ್ಲೆಂಡಿನಲ್ಲಿ 2009ರಿಂದ ಮಂಡಿ ಬದಲಿಸಿಕೊಳ್ಳುವ ರೋಗಿಗಳನ್ನು ಹೀಗೆ ಕೇಳುತ್ತಿದ್ದಾರೆ. ದಯವಿಟ್ಟು ಅಪ್ಪನಿಗೆ ಹೇಳಿ, ಡಾಕ್ಟರಿಗೆ ಬೇಜಾರಾಗಬಾರದು ಅಂತ 'ಎಲ್ಲ ಸರಿ ಉಂಟು' ಅನ್ನಬೇಡಿ ಅಂತ. ನಮ್ಮ ಊರಿನ ಹಿರಿಯರು ಹಾಗೆ ಹೇಳುವುದೇ ಜಾಸ್ತಿ. ಮಠದಲ್ಲಿ ಪಂಕ್ತಿಗೆ ನೆಲದ ಮೇಲೆ ಕೂರಲು ಆಗದಿದ್ದರೆ ಅದನ್ನೂ ಹೇಳಲಿ, ಪಟ್ಟಿಯಲ್ಲಿ ಇಲ್ಲದಿದ್ದರೂ.

ಕಾಪುವಿನ ಅಮ್ಮನ ಫೋನ್ ಆದ ಮೇಲೆ ನಮ್ಮ ವಾರ್ಡಿನಲ್ಲಿ ಎರಡು ಬದಲಾವಣೆ ಆಯಿತು. ಮನೆಯಲ್ಲಿ ಜೊತೆಗಿರುವವರನ್ನು ಆಪರೇಷನ್‌ಗೆ ಮುಂಚೆಯೇ ಕರೆಸಿ, ಅವರ ಭಾಷೆಯಲ್ಲೇ ವ್ಯಾಯಾಮ ಹೇಳಿಕೊಟ್ಟು, ಅವರಿಂದಲೇ ಮಾಡಿಸಿ ನೋಡುತ್ತೇವೆ. ಮೂರನೇ ವಾರಕ್ಕೆ ಒಂದು ಫೋನ್ ಮಾಡುತ್ತೇವೆ. ನಿಮ್ಮ ಆಸ್ಪತ್ರೆಯಲ್ಲಿ ಈ ಪದ್ಧತಿ ಇಲ್ಲದಿದ್ದರೆ ನೀವೇ ಫಿಸಿಯೋ ಹತ್ತಿರ ಹೋಗಿ ಕಲಿತು ಬನ್ನಿ. ಅವರು ಅಪ್ಪನ ಕಾಲು ಹಿಡಿದು ತೋರಿಸುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಫಾರಂನಲ್ಲಿ ಫೋನ್ ನಂಬರ್ ಬರೆಯುವಾಗ ಅಪ್ಪನ ಜೊತೆ ಮನೆಯಲ್ಲಿರುವವರ ನಂಬರನ್ನೂ ಬರೆಯಿರಿ. ಎಷ್ಟೋ ಸಲ ನಾವು ಫೋನ್ ಮಾಡಿದಾಗ ಎತ್ತುವವರೇ ಇರುವುದಿಲ್ಲ.