ಪ್ರತಿಕ್ರಿಯೆ: ಹೈಲೆ ನಿವೃತ್ತಿ ಆಗಿದ್ದು 2010ರಲ್ಲೋ, 2015ರಲ್ಲೋ?

ಇಥಿಯೋಪಿಯಾದ ದೂರದ ಓಟಗಾರ ಹೈಲೆ ಗೆಬ್ರೆಸೆಲಾಸಿ ಯಾವಾಗ ನಿವೃತ್ತಿಯಾದರು, ಎರಡು ಬೇರೆ ಬೇರೆ ವರ್ಷ ಯಾಕೆ ಕಾಣಿಸುತ್ತೆ ಅಂತ ಕೇಳಿದ್ದೀರಿ. ಎರಡೂ ನಿಜವೇ ಸರ್, ಆದರೆ ಲೆಕ್ಕಕ್ಕೆ ಹಿಡಿಯಬೇಕಾದ್ದು 2015.

2010ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಓಡುವಾಗ ಮೊಣಕಾಲು ಕೈಕೊಟ್ಟಿತು. ಸುಮಾರು 26ನೇ ಕಿಲೋಮೀಟರ್ ಹತ್ತಿರ, ಕ್ವೀನ್ಸ್‌ಬರೋ ಸೇತುವೆ ಮೇಲೆ ನಿಂತುಬಿಟ್ಟರು. ಆಮೇಲೆ ಪತ್ರಕರ್ತರ ಮುಂದೆ ಕಣ್ಣೀರು ಹಾಕುತ್ತಾ ಇನ್ನು ಸಾಕು ಅಂದರು. ನೋವಿನಲ್ಲಿ ಬಂದ ಮಾತು ಅದು. ಹೆಚ್ಚುಕಮ್ಮಿ ಒಂದು ವಾರದಲ್ಲೇ ಮನಸ್ಸು ಬದಲಾಯಿಸಿದರು. ಬದಲಾಯಿಸಿದ್ದು ಒಳ್ಳೆಯದೇ ಆಯಿತು: ವಿಯೆನ್ನಾ ಹಾಫ್ ಮ್ಯಾರಥಾನನ್ನು 2011ರಿಂದ 2013ರವರೆಗೆ ಸತತ ಮೂರು ಸಲ ಗೆದ್ದರು. ಲಂಡನ್ ಒಲಿಂಪಿಕ್ಸ್‌ಗೆ ಮಾತ್ರ ಅರ್ಹತೆ ಸಿಗಲಿಲ್ಲ.

ಕೊನೆಯ ಓಟ 2015ರ ಮೇನಲ್ಲಿ, ಮ್ಯಾಂಚೆಸ್ಟರ್‌ನ 10 ಕಿಲೋಮೀಟರ್ ರೇಸ್. ಅದೇ ರೇಸನ್ನು ಹಿಂದೆ ಐದು ಸಲ ಗೆದ್ದವರು, ಅವತ್ತು 16ನೆಯವರಾಗಿ ಬಂದರು. ವಯಸ್ಸು 42. 2000ರ ಸಿಡ್ನಿ ಒಲಿಂಪಿಕ್ಸ್‌ನ 10,000 ಮೀಟರ್ ಓಟದಲ್ಲಿ ಕೀನ್ಯಾದ ಪಾಲ್ ಟೆರ್ಗಾಟ್‌ರನ್ನು 0.09 ಸೆಕೆಂಡಿನಲ್ಲಿ ಹಿಂದಿಕ್ಕಿದ ಮನುಷ್ಯ ಹಾಗೆ ಹಿಂದೆ ಬರುವುದು ಅಭಿಮಾನಿಗಳಿಗೆ ಸಂಕಟ, ನನಗೂ ಆಯಿತು. ಆದರೂ ಸೇತುವೆ ಮೇಲೆ ಕುಂಟಿ ನಿಂತದ್ದಕ್ಕಿಂತ, ಗೆರೆ ದಾಟಿ ಮುಗಿಸಿದ ಈ ವಿದಾಯವೇ ಅವರಿಗೆ ತಕ್ಕದ್ದು ಅಂತ ನನ್ನ ಅನಿಸಿಕೆ.

ಹಳೆಯ ವಿಡಿಯೊ ಸಿಕ್ಕರೆ ಅವರ ಎಡಗೈ ಗಮನಿಸಿ. ಮೈಗೆ ಒತ್ತಿಕೊಂಡು ಸ್ವಲ್ಪ ಸೊಟ್ಟಗೆ ಇರುತ್ತೆ. ಚಿಕ್ಕಂದಿನಲ್ಲಿ ಪುಸ್ತಕ ಅವುಚಿಕೊಂಡು ದಿನಾ 10 ಕಿಲೋಮೀಟರ್ ದೂರದ ಶಾಲೆಗೆ ಓಡುತ್ತಿದ್ದರಲ್ಲ, ಆ ಅಭ್ಯಾಸ ಕೊನೆವರೆಗೂ ಬಿಡಲಿಲ್ಲ.